ರಟ್ಟಿನ ಪೆಟ್ಟಿಗೆಯೊಂದೇ ಊರಿನದು: ಮಾಂಟೆರ್ರೆಯ ಕಾರ್ಖಾನೆಗಳ ಕುರಿತು

ಮೆಕ್ಸಿಕೋದ ನುಯೆವೊ ಲಿಯೋನ್ ರಾಜ್ಯದ ರಾಜಧಾನಿ ಮಾಂಟೆರ್ರೆ. ಅದಕ್ಕೆ ಅಂಟಿಕೊಂಡೇ ಇರುವ ಅಪೊದಾಕದಲ್ಲಿ, ಕಾರಿನ ಬಿಡಿಭಾಗಗಳನ್ನು ತಯಾರಿಸುವ ವಿದೇಶಿ ಕಂಪನಿಯೊಂದರಲ್ಲಿ ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದೆ. ಸೇರಿದ ಮೊದಲ ತಿಂಗಳಲ್ಲೇ ಉಗ್ರಾಣದ ದಾಸ್ತಾನು ಎಣಿಸುವ ಹೊಣೆ ನನ್ನ ಪಾಲಿಗೆ ಬಂತು. ಒಂದೊಂದೇ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದುತ್ತ ಹೋದೆ. ತಿರುಪುಗಳು ಚೀನಾದಿಂದ ಬಂದಿದ್ದವು, ಪ್ಲಾಸ್ಟಿಕ್ ಹರಳು ಟೆಕ್ಸಾಸಿನಿಂದ, ಸ್ಪ್ರಿಂಗುಗಳು ಜರ್ಮನಿಯಿಂದ, ಅಚ್ಚುಗಳು ದಕ್ಷಿಣ ಕೊರಿಯಾದಿಂದ. ಕೊನೆಯ ಸಾಲಿನಲ್ಲಿ ಮಡಚಿ ಒಟ್ಟಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಮಾತ್ರ ಮಾಂಟೆರ್ರೆಯ ವಿಳಾಸವಿತ್ತು. ಸಿದ್ಧವಾದ ಮಾಲನ್ನು ಅವುಗಳಲ್ಲಿ ತುಂಬಿ, ಉತ್ತರಕ್ಕೆ ಮೂರು ನಾಲ್ಕು ಗಂಟೆಯ ದೂರದಲ್ಲಿರುವ ಅಮೆರಿಕದ ಗಡಿಗೆ ಲಾರಿಯಲ್ಲಿ ಕಳುಹಿಸುತ್ತಿದ್ದೆವು.

ಆ ರಟ್ಟಿನ ಪೆಟ್ಟಿಗೆಗೆ ಒಂದು ವಂಶಾವಳಿ ಇದೆಯೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಆ ರಾಜ್ಯದ ಔದ್ಯಮಿಕ ಬೆಳವಣಿಗೆಯ ಬಗ್ಗೆ ನನಗೆ ಹೇಳಬೇಕೆನಿಸುವುದೆಲ್ಲ ಆ ವಂಶಾವಳಿಯಿಂದಲೇ ಹೊರಡುತ್ತದೆ.

1890ರಲ್ಲಿ ಮಾಂಟೆರ್ರೆಯ ಕೆಲವು ವರ್ತಕರು ಸೇರಿ ಕ್ವೌಟೆಮೊಕ್ ಎಂಬ ಬಿಯರ್ ಕಾರ್ಖಾನೆಯನ್ನು ತೆರೆದರು. ಬಿಯರಿಗೆ ಬಾಟಲಿ ಬೇಕಾಯಿತು. ಬಾಟಲಿಗಳನ್ನು ಎಷ್ಟು ಕಾಲ ಹೊರಗಿನಿಂದ ತರಿಸುವುದೆಂದು 1909ರಲ್ಲಿ ಗಾಜಿನ ಕಾರ್ಖಾನೆ ಕಟ್ಟಿದರು. ಅದು ಇಂದಿಗೂ ವಿತ್ರೊ ಎಂಬ ಹೆಸರಿನಲ್ಲಿ ಉಳಿದಿದೆ. ಬಾಟಲಿಗಳನ್ನು ಸಾಗಿಸಲು ರಟ್ಟಿನ ಪೆಟ್ಟಿಗೆ ಬೇಕಾಗಿ ಅದಕ್ಕೂ ಒಂದು ಕಾರ್ಖಾನೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಟಲಿಯ ಮುಚ್ಚಳಕ್ಕೆ ಬೇಕಾದ ಉಕ್ಕಿನ ತಗಡು ಅಮೆರಿಕದಿಂದ ಬರುವುದು ಕಷ್ಟವಾದಾಗ, ಅದೇ ಬಳಗ ಇಲ್ಸಾ ಎಂಬ ಉಕ್ಕಿನ ಕಂಪನಿಯನ್ನು ಸ್ಥಾಪಿಸಿತು. ಈ ಕಾರ್ಖಾನೆಗಳಿಗೆ ಎಂಜಿನಿಯರುಗಳು ಬೇಕೆಂದು 1943ರಲ್ಲಿ ಅದೇ ಬಳಗದ ಎವುಹೇನಿಯೊ ಗಾರ್ಸಾ ಸಾದಾ ಮತ್ತು ಅವರ ಜೊತೆಗಾರರು ಮಾಂಟೆರ್ರೆ ತಾಂತ್ರಿಕ ಸಂಸ್ಥೆಯನ್ನು ಆರಂಭಿಸಿದರು. ಇಲ್ಸಾದ ಎಂಜಿನಿಯರುಗಳು 1957ರಲ್ಲಿ ನೈಸರ್ಗಿಕ ಅನಿಲವನ್ನು ಬಳಸಿ ಅದಿರಿನಿಂದ ನೇರವಾಗಿ ಕಬ್ಬಿಣ ಪಡೆಯುವ ವಿಧಾನವನ್ನು ಕೈಗಾರಿಕಾ ಮಟ್ಟದಲ್ಲಿ ನಡೆಸಿ ತೋರಿಸಿದರು; ಮುಂದೆ ಆ ತಂತ್ರಜ್ಞಾನವನ್ನು ಬೇರೆ ದೇಶಗಳೂ ಕೊಂಡುಕೊಂಡವು. ಬಿಯರಿನ ಒಂದು ಬಾಟಲಿ ಎಲ್ಲಿಂದ ಎಲ್ಲಿಗೆ ಕೈಹಿಡಿದು ನಡೆಸಿತೆಂಬುದನ್ನು ನೆನೆದಾಗಲೆಲ್ಲ ನನಗೆ ಆ ಊರಿನ ಮೇಲೆ ಗೌರವ ಹೆಚ್ಚುತ್ತದೆ.

ಹಾಗೆಂದು ಹಳೆಯ ಮಾಂಟೆರ್ರೆ ಪರರ ಹಣವನ್ನು ಮುಟ್ಟದೆ ಬೆಳೆಯಿತೆಂದು ಹೇಳಿದರೆ ತಪ್ಪಾಗುತ್ತದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿದ್ದರಿಂದ, ಹತ್ತಿ ರಿಯೊ ಗ್ರಾಂಡೆ ನದಿಯನ್ನು ದಾಟಿ ಮಾತಮೊರೊಸ್ ಮಾರ್ಗವಾಗಿ ಯುರೋಪಿಗೆ ಹೋಯಿತು. ಆ ವ್ಯಾಪಾರದಲ್ಲಿ ಗಳಿಸಿದ ಹಣ ಎಷ್ಟೋ ಕುಟುಂಬಗಳ ಮೂಲಧನವಾಯಿತು. 1882ರಲ್ಲಿ ಲರೇಡೊ ಕಡೆಯಿಂದ ರೈಲು ಬಂತು. 1890ರಲ್ಲಿ ಅಮೆರಿಕವು ಮೆಕಿನ್ಲಿ ಸುಂಕ ಕಾಯ್ದೆಯ ಮೂಲಕ ಮೆಕ್ಸಿಕೋದ ಸೀಸದ ಅದಿರಿನ ಮೇಲೆ ಭಾರಿ ಸುಂಕ ಹೇರಿದಾಗ, ಅದಿರನ್ನು ಗಡಿಯಾಚೆ ಒಯ್ದು ಕರಗಿಸುವುದು ಗಿಟ್ಟದೆ, ಗುಗೆನ್‌ಹೈಮ್ ಕುಟುಂಬ ಕುಲುಮೆಯನ್ನೇ ಮಾಂಟೆರ್ರೆಗೆ ತಂದಿತು. ಗವರ್ನರ್ ಬರ್ನಾರ್ಡೊ ರೆಯೆಸ್ ಅವರ ಆಡಳಿತ ಹೊಸ ಕಾರ್ಖಾನೆಗಳಿಗೆ ವರ್ಷಾನುಗಟ್ಟಲೆ ತೆರಿಗೆ ವಿನಾಯಿತಿ ಕೊಟ್ಟಿತು. ಆ ರಾಜ್ಯಕ್ಕೆ ಅಮೆರಿಕದೊಂದಿಗೆ ಸುಮಾರು 15 ಕಿಲೋಮೀಟರ್ ಉದ್ದದ ಗಡಿ ದಕ್ಕಿದ್ದೂ ಅವರ ಕಾಲದಲ್ಲೇ, 1892ರಲ್ಲಿ. ಇಂದು ಗಡಿ ದಾಟಿಸುವ ಕೊಲಂಬಿಯಾ ಸೇತುವೆ ಇರುವುದು ಆ ತುಣುಕಿನ ಮೇಲೆ.

ಸುಂಕದ ಗೋಡೆ ಎದ್ದಾಗ ಕಾರ್ಖಾನೆ ಗೋಡೆ ಹಾರಿ ಇತ್ತ ಬರುವ ಈ ಕ್ರಮ ಇಂದಿಗೂ ಬದಲಾಗಿಲ್ಲ. 2018ರಲ್ಲಿ ಅಮೆರಿಕವು ಚೀನಾದ ಸರಕಿನ ಮೇಲೆ ಹೆಚ್ಚುವರಿ ಸುಂಕ ಹಾಕತೊಡಗಿದ ಮೇಲೆ, ಮಾಂಟೆರ್ರೆಯ ಉತ್ತರಕ್ಕಿರುವ ಸಲೀನಾಸ್ ವಿಕ್ಟೋರಿಯಾದ ಹೊಫುಸಾನ್ ಕೈಗಾರಿಕಾ ವಸಾಹತಿನಲ್ಲಿ ಚೀನಾದ ಕಂಪನಿಗಳು ಒಂದರ ಹಿಂದೊಂದು ಬಂದು ನೆಲೆಸಿದವು. ಅಲ್ಲಿ ಅಮೆರಿಕದ ಮನೆಗಳಿಗಾಗಿ ಸೋಫಾಗಳು ತಯಾರಾಗುತ್ತವೆ. 2023ರಲ್ಲಿ ಅಮೆರಿಕವು ಮೆಕ್ಸಿಕೋದಿಂದ ಸುಮಾರು 47,500 ಕೋಟಿ ಡಾಲರಿನ ಸರಕನ್ನು ಆಮದು ಮಾಡಿಕೊಂಡಿತು. ಚೀನಾದಿಂದ ಬಂದದ್ದು ಸುಮಾರು 42,700 ಕೋಟಿ ಡಾಲರಿನದು. ಎರಡು ದಶಕಗಳಲ್ಲಿ ಮೊದಲ ಬಾರಿಗೆ ಮೆಕ್ಸಿಕೋ ಆ ಪಟ್ಟಿಯಲ್ಲಿ ಚೀನಾವನ್ನು ಹಿಂದಿಕ್ಕಿತ್ತು.

ಬದಲಾದದ್ದು ಬಂದ ಕಾರ್ಖಾನೆಯ ಸ್ವಭಾವ. ಮೆಕ್ಸಿಕೋದ ಕೃಷಿಕಾರ್ಮಿಕರನ್ನು ಅಮೆರಿಕಕ್ಕೆ ಕರೆದೊಯ್ಯುತ್ತಿದ್ದ ಬ್ರಸೇರೊ ಯೋಜನೆ 1964ರಲ್ಲಿ ಮುಗಿದಾಗ ಗಡಿಯ ಊರುಗಳಲ್ಲಿ ನಿರುದ್ಯೋಗ ಹೆಚ್ಚುವ ಭಯವಿತ್ತು. ಅದಕ್ಕೆ ಉತ್ತರವಾಗಿ 1965ರಲ್ಲಿ ಗಡಿ ಕೈಗಾರಿಕೀಕರಣ ಯೋಜನೆ ಬಂತು: ವಿದೇಶಿ ಕಂಪನಿ ಬಿಡಿಭಾಗಗಳನ್ನು ಸುಂಕವಿಲ್ಲದೆ ತರಬಹುದು, ಇಲ್ಲಿ ಜೋಡಿಸಬಹುದು, ಮತ್ತೆ ಹೊರಗೆ ಕಳುಹಿಸಬೇಕು. ಮಾಕಿಲಾದೋರಾ ಎಂದು ಕರೆಯುವುದು ಈ ಬಗೆಯ ಕಾರ್ಖಾನೆಗಳನ್ನು. 2006ರಿಂದ ಈ ಸೌಲಭ್ಯ ಇಮೆಕ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಹೊಸದಾಗಿ ಬರುವ ಕಂಪನಿಗೆ ಪರವಾನಗಿ, ಕಸ್ಟಮ್ಸ್, ಸಂಬಳ, ಲೆಕ್ಕಪತ್ರ ಎಲ್ಲವನ್ನೂ ತನ್ನ ಹೆಸರಿನಲ್ಲೇ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗಳಿವೆ. ಶೆಲ್ಟರ್ ಎಂದು ಅವುಗಳ ಹೆಸರು. ಯಂತ್ರ ಮತ್ತು ಮೇಲ್ವಿಚಾರಕರು ಮಾತ್ರ ಕಂಪನಿಯವರು. ಹೀಗೆ ಬಂದವರು ಆ ಮಣ್ಣಿನಲ್ಲಿ ಬೇರು ಬಿಡದೆಯೇ ವರ್ಷಗಟ್ಟಲೆ ಉತ್ಪಾದನೆ ನಡೆಸಬಹುದು. 1990ರ ದಶಕದಲ್ಲಿ ಮಾಕಿಲಾಗಳು ಬಳಸಿದ ಸಾಮಗ್ರಿಯಲ್ಲಿ ಮೆಕ್ಸಿಕೋದ ಪಾಲು ನೂರಕ್ಕೆ ಎರಡು ಮೂರರಷ್ಟಿತ್ತೆಂದರೆ, ನಮ್ಮ ಉಗ್ರಾಣದ ಚೀಟಿಗಳು ಆಶ್ಚರ್ಯದ ವಿಷಯವೇ ಅಲ್ಲ.

ಕಾರಿನ ಉದ್ಯಮದಲ್ಲಿ ಪರಿಸ್ಥಿತಿ ಇದಕ್ಕಿಂತ ಮೇಲು ಎಂಬುದನ್ನು ಒಪ್ಪಿಕೊಳ್ಳಬೇಕು. 2020ರ ಜುಲೈ 1ರಂದು ಜಾರಿಗೆ ಬಂದ ಅಮೆರಿಕ, ಮೆಕ್ಸಿಕೋ ಮತ್ತು ಕೆನಡಾಗಳ ಒಪ್ಪಂದದ ಪ್ರಕಾರ, ಸುಂಕವಿಲ್ಲದೆ ಗಡಿ ದಾಟಬೇಕಾದ ಕಾರಿನ ಮೌಲ್ಯದಲ್ಲಿ 75 ಶೇಕಡಾ ಈ ಮೂರು ದೇಶಗಳಲ್ಲೇ ಹುಟ್ಟಿರಬೇಕು. ನಿಗದಿಯಾದ ಒಂದು ಪಾಲನ್ನು ಗಂಟೆಗೆ ಸರಾಸರಿ 16 ಡಾಲರಿಗೆ ಕಡಿಮೆಯಿಲ್ಲದ ಕೂಲಿ ಕೊಡುವಲ್ಲಿ ತಯಾರಿಸಿರಬೇಕು. ಈ ನಿಯಮದ ಒತ್ತಡದಿಂದ ಬಿಡಿಭಾಗಗಳ ಕಾರ್ಖಾನೆಗಳು ಹತ್ತಿರ ಹತ್ತಿರ ಬಂದಿವೆ. ಆದರೆ ಹಾಗೆ ಬಂದವರಲ್ಲೂ ಹೆಚ್ಚಿನವರು ವಿದೇಶಿಯರೇ. ಕೊರಿಯಾದ ಕಾರು ಕಂಪನಿ ಕಿಯಾ 2014ರಲ್ಲಿ ಮಾಂಟೆರ್ರೆಯ ಹೊರವಲಯದ ಪೆಸ್ಕೆರಿಯಾಗೆ 100 ಕೋಟಿ ಡಾಲರಿನ ಹೂಡಿಕೆಯನ್ನು ಘೋಷಿಸಿ 2016ರಲ್ಲಿ ಉತ್ಪಾದನೆ ಆರಂಭಿಸಿದಾಗ, ಅದರ ಬಿಡಿಭಾಗ ಪೂರೈಕೆದಾರರೂ ಕೊರಿಯಾದಿಂದ ಜೊತೆಯಲ್ಲೇ ಬಂದರು. ಊರಿನವರು ಆ ಜಾಗಕ್ಕೆ ‘ಪೆಸ್ಕೊರಿಯಾ’ ಎಂದು ಹೆಸರಿಟ್ಟರು. ಹಿಂದಿನ ಸರ್ಕಾರ ಕಿಯಾಗೆ ಕೊಟ್ಟಿದ್ದ ರಿಯಾಯಿತಿಗಳು ಅತಿಯಾದವೆಂದು ಅನಂತರ ಬಂದ ಗವರ್ನರ್ ತಕರಾರು ಎತ್ತಿದ್ದರಿಂದ 2016ರಲ್ಲಿ ಒಪ್ಪಂದವನ್ನು ಪರಿಷ್ಕರಿಸಿ ಅವುಗಳನ್ನು ತಗ್ಗಿಸಲಾಯಿತು. 2010ರಲ್ಲಿ ಸುಮಾರು 21 ಸಾವಿರವಿದ್ದ ಪೆಸ್ಕೆರಿಯಾದ ಜನಸಂಖ್ಯೆ 2020ರ ಹೊತ್ತಿಗೆ ಒಂದೂವರೆ ಲಕ್ಷದ ಹತ್ತಿರ ಬಂದಿತ್ತು. ಬೆಳಗಿನ ಪಾಳಿಗೆ ಜನರನ್ನು ಕರೆತರುವ ಬಸ್ಸುಗಳು ನಸುಕಿನ ನಾಲ್ಕೂವರೆಗೇ ಅಲ್ಲಿಂದ ಹೊರಡುತ್ತಿದ್ದವು. ಒಂದೇ ಅಚ್ಚಿನ ಪುಟ್ಟ ಮನೆಗಳ ಸಾಲು, ಬೀದಿದೀಪವಿಲ್ಲದ ತಿರುವಿನಲ್ಲಿ ಊಟದ ಡಬ್ಬಿ ಹಿಡಿದು ನಿಂತ ಗಂಡಸರು ಹೆಂಗಸರು. ಆ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಘೋಷಣೆಗಳ ವಿಷಯದಲ್ಲಿ ನನಗೆ ನಿಜವಾದ ಬೇಸರವಿದೆ. 2023ರ ಮಾರ್ಚ್ 1ರಂದು ಟೆಸ್ಲಾ ಕಂಪನಿ ಮಾಂಟೆರ್ರೆಯ ಪಕ್ಕದ ಸಾಂತಾ ಕತರೀನಾದಲ್ಲಿ ಬೃಹತ್ ಕಾರ್ಖಾನೆ ಕಟ್ಟುವುದಾಗಿ ಹೇಳಿದಾಗ ನಮ್ಮ ಊಟದ ಕೋಣೆಯಲ್ಲಿ ಬೇರೆ ಮಾತೇ ಇರಲಿಲ್ಲ. ಆ ನೆಲದ ಸುತ್ತ ಕೆಲಸ ಹುಡುಕುವ ಆಸೆಯಿಂದ ಇಂಗ್ಲಿಷ್ ತರಗತಿಗೆ ಸೇರಿದ ಸಹೋದ್ಯೋಗಿಗಳು ನನಗೆ ಗೊತ್ತು. 2024ರ ಜುಲೈನಲ್ಲಿ ಆ ಯೋಜನೆಯನ್ನು ಅಮೆರಿಕದ ಚುನಾವಣೆ ಮುಗಿಯುವವರೆಗೆ ತಡೆಹಿಡಿದಿರುವುದಾಗಿ ಇಲಾನ್ ಮಸ್ಕ್ ಹೇಳಿದರು. ಇಡೀ ಮೆಕ್ಸಿಕೋಗೆ 2023ರಲ್ಲಿ ಬಂದ ಸುಮಾರು 3,600 ಕೋಟಿ ಡಾಲರಿನ ವಿದೇಶಿ ನೇರ ಹೂಡಿಕೆಯಲ್ಲಿ ಮುಕ್ಕಾಲು ಭಾಗದಷ್ಟು ಮೊದಲೇ ಅಲ್ಲಿದ್ದ ಕಂಪನಿಗಳು ಮತ್ತೆ ಅಲ್ಲೇ ಹೂಡಿದ ಲಾಭ. ಹೊಸ ಹಣ ಏಳರಲ್ಲಿ ಒಂದು ಪಾಲಿನಷ್ಟೂ ಇರಲಿಲ್ಲ. ಮರುಹೂಡಿಕೆ ಕೆಟ್ಟದ್ದೇನೂ ಅಲ್ಲ. ಬಂದವರು ಉಳಿಯಲು ನಿರ್ಧರಿಸಿದ್ದಾರೆಂಬುದಕ್ಕೆ ಅದು ಸಾಕ್ಷಿ. ಆದರೆ ಅದನ್ನೇ ಹೊಸ ಕಾರ್ಖಾನೆಗಳ ಮಹಾಪೂರವೆಂದು ಜನರ ಮುಂದೆ ಇಡುವುದು ಸರಿಯಲ್ಲ.

ಇನ್ನು ನೀರು. ಅರೆಮರುಭೂಮಿಯಂಥ ಆ ನಾಡಿನಲ್ಲಿ 2022ರ ಬೇಸಿಗೆಯನ್ನು ನಾನು ಕಂಡೆ. ಮಾಂಟೆರ್ರೆಗೆ ನೀರುಣಿಸುವ ಮೂರು ಜಲಾಶಯಗಳಲ್ಲಿ ಸೆರ್ರೊ ಪ್ರಿಯೆತೊ ಬಹುತೇಕ ಬತ್ತಿಹೋಗಿತ್ತು, ಲಾ ಬೋಕಾ ಕೂಡ ಅದೇ ಹಾದಿಯಲ್ಲಿತ್ತು. ಭಾರವೆಲ್ಲ ಎಲ್ ಕುಚಿಯೊ ಜಲಾಶಯದ ಮೇಲೆ ಬಿತ್ತು. ಜೂನ್ ತಿಂಗಳಲ್ಲಿ ಬೆಳಗಿನ ನಾಲ್ಕರಿಂದ ಹತ್ತರವರೆಗೆ ಮಾತ್ರ ನೀರು ಎಂದು ನಿಗದಿಯಾಯಿತು; ಎತ್ತರದ ಬಡಾವಣೆಗಳಿಗೆ ಅಷ್ಟೂ ಬರಲಿಲ್ಲ. ಮಹಡಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ತೊಟ್ಟಿಯನ್ನು ಬೆರಳಿನಿಂದ ತಟ್ಟಿ, ಬರುವ ಸದ್ದಿನಿಂದ ನೀರಿನ ಮಟ್ಟ ತಿಳಿಯುವುದನ್ನು ನಮ್ಮ ಪಕ್ಕದ ಮನೆಯ ಅಜ್ಜಿ ನನಗೆ ಕಲಿಸಿಕೊಟ್ಟರು. ಆ ದಿನಗಳಲ್ಲೂ ನಮ್ಮ ಕಾರ್ಖಾನೆಯ ಯಂತ್ರಗಳನ್ನು ತಂಪಾಗಿಡುವ ನೀರು ಒಂದು ದಿನವೂ ನಿಲ್ಲಲಿಲ್ಲ. ಅನೇಕ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಪರವಾನಗಿಯಿಂದ ಕೊರೆದ ಸ್ವಂತ ಬಾವಿಗಳಿದ್ದವು. ಜನರು ರಸ್ತೆ ತಡೆದು ಪ್ರತಿಭಟಿಸಿದ ಮೇಲೆ ಕೆಲವು ಕಂಪನಿಗಳು ತಮ್ಮ ಪಾಲಿನ ನೀರಿನಲ್ಲಿ ಒಂದಷ್ಟನ್ನು ನಗರಕ್ಕೆ ಬಿಟ್ಟುಕೊಟ್ಟವು. ಬಕೆಟ್ಟಿನಲ್ಲಿ ಅಳೆದು ಸ್ನಾನ ಮಾಡಿ ಕೆಲಸಕ್ಕೆ ಬಂದವಳೊಬ್ಬಳು, ತೊಟ್ಟಿಕ್ಕುವ ಕೂಲಿಂಗ್ ಪೈಪಿನ ಕೆಳಗೆ ತನ್ನ ಖಾಲಿ ಬಾಟಲಿಯನ್ನು ಹಿಡಿದದ್ದನ್ನು ನಾನು ನೋಡಿದೆ. ಬಂಡವಾಳವನ್ನು ಸ್ವಾಗತಿಸುವ ಒಪ್ಪಂದಗಳಲ್ಲಿ ಜಮೀನು, ರಸ್ತೆ, ತೆರಿಗೆಗಳ ಲೆಕ್ಕ ಎಷ್ಟು ಸೂಕ್ಷ್ಮವಾಗಿರುತ್ತದೋ ನೀರಿನ ಲೆಕ್ಕವೂ ಅಷ್ಟೇ ಸೂಕ್ಷ್ಮವಾಗಿರಬೇಕೆಂದು ಅಂದಿನಿಂದ ನಾನು ಹಟದಿಂದ ಹೇಳುತ್ತ ಬಂದಿದ್ದೇನೆ. 2024ರ ಜೂನಿನಲ್ಲಿ ಅಲ್ಬರ್ಟೊ ಚಂಡಮಾರುತದ ಮಳೆ ಆ ಜಲಾಶಯಗಳನ್ನು ತುಂಬಿಸಿತು. ಒಂದು ಚಂಡಮಾರುತವನ್ನು ನಂಬಿ ಕಾರ್ಖಾನೆ ಕಟ್ಟಲಾಗದು.

ಕೂಲಿಯ ಮಾತೂ ಇದೆ. 2018ರಲ್ಲಿ ದಿನಕ್ಕೆ 88.36 ಪೆಸೊ ಇದ್ದ ಕನಿಷ್ಠ ವೇತನ 2025ರಲ್ಲಿ 278.80 ಪೆಸೊ ಆಯಿತು. ಗಡಿಗೆ ತಾಗಿದ ವಲಯದಲ್ಲಿ ಆ ವರ್ಷ ಅದು 419.88 ಪೆಸೊ ಇತ್ತು. ನುಯೆವೊ ಲಿಯೋನಿನಲ್ಲಿ ಆ ವಲಯಕ್ಕೆ ಸೇರಿದ್ದು ಅನಾವಾಕ್ ಎಂಬ ಒಂದೇ ಆಡಳಿತ ಪ್ರದೇಶ. ಕಾರ್ಖಾನೆಗಳು ಮುಚ್ಚಿಹೋಗುತ್ತವೆಂದು ಈ ಏರಿಕೆಯನ್ನು ವಿರೋಧಿಸಿದವರಿದ್ದರು; ಹಾಗೇನೂ ಆಗಲಿಲ್ಲ.

ಹಳೆಯ ವಂಶಾವಳಿಯ ಕಂಪನಿಗಳಲ್ಲೂ ಕೆಲವು ಇಂದು ಪರರ ಕೈ ಸೇರಿವೆ. ಇಲ್ಸಾ 2005ರಲ್ಲಿ ತೆರ್ನಿಯಂ ಬಳಗಕ್ಕೆ ಹೋಯಿತು, ಬಿಯರ್ ಕಾರ್ಖಾನೆ 2010ರಲ್ಲಿ ಹೈನೆಕೆನ್ ಪಾಲಾಯಿತು. 1900ರಲ್ಲಿ ಹುಟ್ಟಿದ ಫುಂದಿದೋರಾ ಎಂಬ ದೊಡ್ಡ ಉಕ್ಕಿನ ಕಾರ್ಖಾನೆ ಸರ್ಕಾರದ ವಶಕ್ಕೆ ಬಂದು, ಸಾಲದಲ್ಲಿ ಮುಳುಗಿ 1986ರ ಮೇ ತಿಂಗಳಲ್ಲಿ ಮುಚ್ಚಿತು. ಅದರ ಜಾಗದಲ್ಲಿ ಈಗ ಉದ್ಯಾನವಿದೆ. ಮೂರನೆಯ ಊದುಕುಲುಮೆಯನ್ನು ವಸ್ತುಸಂಗ್ರಹಾಲಯವಾಗಿಸಿದ್ದಾರೆ.

ಆ ಕುಲುಮೆಯನ್ನು ನನಗೆ ತೋರಿಸಿದವರು ನಮ್ಮ ಕಾರ್ಖಾನೆಯ ಹಿರಿಯ ಅಚ್ಚುಗಾರರು. ನಾವೆಲ್ಲ ಅವರನ್ನು ‘ದೋನ್’ ಎಂದು ಗೌರವದಿಂದ ಕರೆಯುತ್ತಿದ್ದೆವು. ಅವರ ತಂದೆ ಫುಂದಿದೋರಾ ಮುಚ್ಚುವ ದಿನದವರೆಗೂ ಅಲ್ಲಿಯ ಲೇತ್ ವಿಭಾಗದಲ್ಲಿದ್ದರಂತೆ. ಕೊರಿಯಾದಿಂದ ಬಂದ ನಮ್ಮ ಅಚ್ಚುಗಳು ಸವೆದಾಗ ಅವುಗಳನ್ನು ರಿಪೇರಿಗೆ ಸಮುದ್ರದಾಚೆ ಕಳುಹಿಸಬೇಕಿತ್ತು; ಹೋಗಿ ಬರಲು ಹತ್ತು ವಾರ. ಇದನ್ನು ಇಲ್ಲೇ ಮಾಡಬಹುದೆಂದು ಅವರು ಆಡಳಿತಕ್ಕೆ ಎರಡು ಬಾರಿ ಬರೆದುಕೊಟ್ಟರು, ಉತ್ತರ ಬರಲಿಲ್ಲ. ನಾನು ಅಲ್ಲಿಂದ ಹೊರಡುವ ಕೆಲವು ತಿಂಗಳ ಮೊದಲು ಅವರು ಕೆಲಸ ಬಿಟ್ಟು, ಗ್ವಾದಲೂಪೆಯ ತಮ್ಮ ಮನೆಯ ಹಿಂಭಾಗದಲ್ಲಿ ಒಂದು ಹಳೆಯ ಮಿಲ್ಲಿಂಗ್ ಯಂತ್ರ ಮತ್ತು ಒಂದು ಗ್ರೈಂಡಿಂಗ್ ಯಂತ್ರ ಹಾಕಿಕೊಂಡರು. ಕಳೆದ ವರ್ಷ ಅವರು ಕಳುಹಿಸಿದ ಚಿತ್ರದಲ್ಲಿ ಮೂರನೆಯ ಯಂತ್ರವೂ ಇತ್ತು, ಅದರ ಪಕ್ಕದಲ್ಲಿ ಎಣ್ಣೆ ಮೆತ್ತಿದ ಅಂಗಿ ತೊಟ್ಟ ಇಬ್ಬರು ಹುಡುಗರಿದ್ದರು. ಮೇಜಿನ ಮೇಲಿದ್ದ ಅಚ್ಚನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಅದು ನಮ್ಮ ಕಾರ್ಖಾನೆಯದೇ.