ಗೋಡೆ ನೋಡುವ ಮೊದಲು ಅಡುಗೆಮನೆಯ ನೆಲದ ಮುಚ್ಚಳ ತೆಗೆಯಿರಿ

ಟೋಕಿಯೊ ಸುತ್ತಲಿನ ಸೈತಾಮ, ಚಿಬಾ ಕಡೆ ಬಿಲ್ಡರ್‌ಗಳು ತಾವೇ ಜಾಗ ಕೊಂಡು, ಕಟ್ಟಿ ಮಾರುವ ಹೊಸ ಮನೆಗೆ 'ತತೆಉರಿ' ಎನ್ನುತ್ತಾರೆ. ಜಾಗಕ್ಕೂ ಮನೆಗೂ ಸೇರಿ ಒಂದೇ ಬೆಲೆ. ಸಾಮಾನ್ಯವಾಗಿ ಎರಡು ಅಂತಸ್ತು, ಮರದ ಚೌಕಟ್ಟು, ಮುಂದೆ ಕಾರು ನಿಲ್ಲುವಷ್ಟು ಕಾಂಕ್ರೀಟು. ಕೀಲಿಕೈ ಪಡೆಯುವ ಮುಂಚಿನ ತಪಾಸಣೆಯಲ್ಲಿ ಕೊಳ್ಳುವವರು ವಾಲ್‌ಪೇಪರಿನ ಗೀರು ಹುಡುಕುವುದರಲ್ಲೇ ಒಂದು ಗಂಟೆ ಕಳೆದುಬಿಡುತ್ತಾರೆ. ಗೀರನ್ನು ಯಾವಾಗ ಬೇಕಾದರೂ ಸರಿಪಡಿಸಬಹುದು. ತಪಾಸಣೆ ಮಾಡುವ ನಮ್ಮ ಕ್ರಮ ತಿರುಗುಮುರುಗು: ಮೊದಲು ನಲ್ಲಿ, ಆಮೇಲೆ ನೆಲದಡಿ, ಆಮೇಲೆ ಅಟ್ಟ, ಗೋಡೆ ಕೊನೆಗೆ.

ಒಳಗೆ ಹೋದ ಕೂಡಲೇ ಸಿಂಕು, ವಾಶ್‌ಬೇಸಿನ್ನಿನ ನಲ್ಲಿ ಬಿಡಿ. ಸ್ನಾನದ ತೊಟ್ಟಿ ತುಂಬಿಸಿ, ಬಿರಡೆ ಕಿತ್ತು ನೀರನ್ನು ಒಮ್ಮೆಲೇ ಹರಿಯಬಿಡಿ. ಸಣ್ಣ ಧಾರೆಗೆ ಸೋರದ ಜಾಯಿಂಟು ತುಂಬು ಹರಿವಿಗೆ ಸೋರುತ್ತದೆ. ಈಗ ಅಡುಗೆಮನೆಯ ನೆಲದಲ್ಲಿರುವ ಸುಮಾರು 60 ಸೆಂ.ಮೀ. ಚೌಕದ ಮುಚ್ಚಳ ಎತ್ತಿ. ಅದರಡಿ ಉಪ್ಪಿನಕಾಯಿ, ದಿನಸಿ ಇಡಲು ಒಂದು ಪ್ಲಾಸ್ಟಿಕ್ ತೊಟ್ಟಿ ಇರುತ್ತದೆ. ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ತೊಟ್ಟಿಯನ್ನೂ ಎತ್ತಿ ಪಕ್ಕಕ್ಕಿಟ್ಟು, ಟಾರ್ಚ್ ಹಿಡಿದು ತಲೆ ಒಳಗೆ ಹಾಕಿ.

ಕಾಂಕ್ರೀಟ್ ಹಾಸಿನ ಮೇಲೆ ನೀರಿದ್ದರೆ ಅದು ಚಾವಣಿ ಏಳುವ ಮುಂಚೆ ಬಿದ್ದ ಮಳೆಯದ್ದಿರಬಹುದು, ಪೈಪಿನದ್ದೂ ಇರಬಹುದು. 'ಮಳೆ ನೀರೇ' ಎಂಬ ಮಾತನ್ನು ಹಾಗೇ ಒಪ್ಪಬೇಡಿ. ಒರೆಸಿಸಿ, ಮತ್ತೆ ನೀರು ಬಿಟ್ಟು, ಒಂದೊಂದೇ ಜಾಯಿಂಟಿಗೆ ಒಣ ಟಿಶ್ಯೂ ಒತ್ತಿ ನೋಡಿ. ಒದ್ದೆಯಾದ ಟಿಶ್ಯೂ ಜಾಗವನ್ನು ತೋರಿಸುತ್ತದೆ. ಮರದ ತುಂಡು, ಹೊಟ್ಟು ಬಿದ್ದಿದ್ದರೆ ಗುಡಿಸಿಸಿ, ಅದು ಗೆದ್ದಲಿಗೆ ಊಟ. ಮನೆಯ ನೆಲದ ಅಡಿಮುಖಕ್ಕೆ ಅಂಟಿಸಿದಂತಿರುವ, ಚಳಿ ತಡೆಯುವ ಫೋಮ್ ಹಲಗೆಗಳನ್ನು ಪೈಪು ಹಾದುಹೋಗುವ ಕಡೆ ವಿಶೇಷವಾಗಿ ನೋಡಿ: ಪ್ಲಂಬರ್ ತಳ್ಳಿ ಹಾಗೇ ಬಿಟ್ಟ ಹಲಗೆ ಜೋತು ಬಿದ್ದಿರುತ್ತದೆ, ಜನವರಿಯಲ್ಲಿ ಅಷ್ಟು ಜಾಗ ಕಾಲಿಡಲಾಗದಷ್ಟು ಕೊರೆಯುತ್ತದೆ. ಅಡಿಪಾಯದ ಬಿರುಕಿನ ಅಗಲವನ್ನು, ಬೇರೆ ಬೇರೆ ದಪ್ಪದ ಗೆರೆಗಳಿರುವ ಅಳತೆ ಕಾರ್ಡಿನಿಂದ ಅಳೆಯಿರಿ. 0.3 ಮಿ.ಮೀ.ಗಿಂತ ಸಣ್ಣ ಗೆರೆ ಹೆಚ್ಚಾಗಿ ಕಾಂಕ್ರೀಟು ಒಣಗುವಾಗ ಆದದ್ದು. 0.5 ಮುಟ್ಟಿದರೆ ಲಿಖಿತ ವಿವರಣೆ ಕೇಳಿ.

ಅಟ್ಟದ ಕಿಂಡಿ ಸಾಮಾನ್ಯವಾಗಿ ಮಹಡಿಯ ಬೀರುವಿನ ಚಾವಣಿಯಲ್ಲಿರುತ್ತದೆ. ಶಾಖ ತಡೆಯಲು ಹಾಸುವ ಗ್ಲಾಸ್‌ವೂಲ್ (ಗಾಜಿನ ಎಳೆ) ಚೀಲಗಳು ಒಂದಕ್ಕೊಂದು ತಾಗಿಕೊಂಡಿರಬೇಕು, ತೇವ ತಡೆಯುವ ಹಾಳೆಯ ಮುಖ ಕೋಣೆಯ ಕಡೆಗಿರಬೇಕು. ಸಂದು ಉಳಿದರೆ ಕೋಣೆಯ ತೇವ ಮೇಲೇರಿ, ಚಳಿಯಲ್ಲಿ ಚಾವಣಿ ಹಲಗೆಗೆ ಬೆವರಿಟ್ಟು ಬೂಷ್ಟು ಹಿಡಿಯುತ್ತದೆ.

ನೆಲದ ಮಟ್ಟ ನೋಡಲು ಗೋಲಿ ಉರುಳಿಸುವ ಆಟ ಬೇಡ. ಹಲಗೆಯ ಸಣ್ಣ ಏರಿಳಿತಕ್ಕೂ ಗೋಲಿ ಓಡುತ್ತದೆ. ಮಟ್ಟ ತೋರಿಸುವ ಲೇಸರ್ ಇಟ್ಟು, ಕನಿಷ್ಠ 3 ಮೀಟರ್ ಅಂತರದ ಎರಡು ಬಿಂದುಗಳ ಎತ್ತರದ ವ್ಯತ್ಯಾಸ ಅಳೆಯಿರಿ. ಜಪಾನಿನ ಸರ್ಕಾರಿ ಮಾನದಂಡದ ಪ್ರಕಾರ ಸಾವಿರಕ್ಕೆ 3, ಅಂದರೆ 3 ಮೀಟರಿಗೆ 9 ಮಿ.ಮೀ. ಒಳಗಿದ್ದರೆ ರಚನೆಯ ದೋಷದ ಸಾಧ್ಯತೆ ಕಡಿಮೆ. 18 ಮುಟ್ಟಿದರೆ ಹೆಚ್ಚು.

2003ರಿಂದ ಹೊಸ ಮನೆಗಳಿಗೆ 24 ಗಂಟೆಯ ಗಾಳಿ ವ್ಯವಸ್ಥೆ ಕಡ್ಡಾಯ: ಗಂಟೆಗೆ ಮನೆಯೊಳಗಿನ ಅರ್ಧದಷ್ಟು ಗಾಳಿ ಬದಲಾಗಬೇಕು. ಗಾಳಿ ಹೊರಹಾಕುವ ಫ್ಯಾನಿನ ಬಾಯಿಗೆ ಟಿಶ್ಯೂ ಹಿಡಿದರೆ ಅಂಟಿಕೊಳ್ಳಬೇಕು. ಬಾಗಿಲಿನಡಿ ಬಿಟ್ಟಿರುವ ಸುಮಾರು 1 ಸೆಂ.ಮೀ. ಸಂದು ಬಡಗಿಯ ತಪ್ಪಲ್ಲ, ಗಾಳಿಯ ದಾರಿ.

ಹೊರಗೆ ಗಡಿ ಗುರುತಿನ ಕಲ್ಲು ಪ್ರತಿ ಮೂಲೆಯಲ್ಲೂ ಕಾಣಬೇಕು. ಕಾಗದಗಳಲ್ಲಿ ಕಾನೂನು ಪ್ರಕಾರದ ಕಟ್ಟಡ ಪರಿಶೀಲನೆ ಮುಗಿದ ಪ್ರಮಾಣಪತ್ರ, ಮುಖ್ಯ ರಚನೆ ಹಾಗೂ ಮಳೆ ಸೋರಿಕೆಗೆ ಕಾನೂನು ಬಿಲ್ಡರ್ ಮೇಲೆ ಹೊರಿಸುವ 10 ವರ್ಷದ ಹೊಣೆಗೆ ಸಂಬಂಧಿಸಿದ ವಿಮೆ ಅಥವಾ ಠೇವಣಿಯ ದಾಖಲೆ ನೋಡಿ. ಪರದೆ ಕಂಬಿ, ಸೊಳ್ಳೆ ಜಾಲರಿ, ದೀಪ, ಟಿವಿ ಆಂಟೆನಾ ಬೆಲೆಯಲ್ಲಿ ಸೇರಿರದ ಮನೆಗಳು ಬೇಕಾದಷ್ಟಿವೆ, ಕೇಳಿಕೊಳ್ಳಿ.

ಪ್ರತಿ ದೋಷದ ಪಕ್ಕ ಪೇಪರ್ ಟೇಪ್ ಅಂಟಿಸಿ ನಂಬರ್ ಬರೆಯಿರಿ, ಅದೇ ನಂಬರಿನ ಫೋಟೊ, ಅದೇ ನಂಬರಿನ ಪಟ್ಟಿ, ಎರಡು ಪ್ರತಿ, ಬಿಲ್ಡರ್ ಕಡೆಯವರ ಸಹಿ, ಮುಗಿಸುವ ತಾರೀಕು. ಜಪಾನಿ ಓದಲು ಬಾರದ ನಮ್ಮವರಿಗೂ ನಂಬರಿದ್ದರೆ ಗೊಂದಲವಿಲ್ಲ. ಬಾಕಿ ಹಣ ಕಟ್ಟುವುದೂ ಕೀಲಿಕೈ ಸಿಗುವುದೂ ಸಾಮಾನ್ಯವಾಗಿ ಒಂದೇ ದಿನ, ಆದ್ದರಿಂದ ತಪಾಸಣೆ ಅದಕ್ಕೆ ಎರಡು ವಾರ ಮೊದಲಾದರೂ ಇರಲಿ. ಮರುತಪಾಸಣೆಗೂ ಟಾರ್ಚ್ ಒಯ್ಯಿರಿ. ಒರೆಸಿದ ಕಾಂಕ್ರೀಟು ಒಣಗಿಯೇ ಉಳಿದಿದೆಯೇ ಎಂಬುದು ಗೊತ್ತಾಗುವುದು ಅವತ್ತೇ.