ಹಣ್ಣು ತರಕಾರಿಯ ಕೀಟನಾಶಕ ಶೇಷ: ಪರೀಕ್ಷೆಗೆ ಕಾಣುವುದು, ಕಾಣದಿರುವುದು

ಕೀಟನಾಶಕದ ಶೇಷ ‘ಪತ್ತೆಯಾಗಿಲ್ಲ’ ಎಂಬ ವರದಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಯಾವ ಯಾವ ರಾಸಾಯನಿಕಗಳನ್ನು ಹುಡುಕಲಾಗಿದೆ ಮತ್ತು ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಲಾಗಿದೆ ಎಂಬುದನ್ನು. ಹುಡುಕದೇ ಇದ್ದದ್ದು ಸಿಗುವುದಾದರೂ ಹೇಗೆ?

ಒಂದು ಕಿಲೋ ಟೊಮೆಟೊದಲ್ಲಿ 0.01 ಮಿಲಿಗ್ರಾಂ, ಅಂದರೆ ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲಿನಷ್ಟು ಶೇಷವನ್ನು ಅಳೆಯಬೇಕಾಗಬಹುದು. ಅದನ್ನು ಸಕ್ಕರೆ, ಆಮ್ಲ, ಬಣ್ಣಗಳ ನಡುವಿನಿಂದ ಬಿಡಿಸಿ ತೆಗೆಯಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು 2003ರಲ್ಲಿ ಪ್ರಕಟವಾದ ‘ಕ್ಯಾಚರ್ಸ್’ ವಿಧಾನ. ನುಣ್ಣಗೆ ಅರೆದ ಮಾದರಿಯನ್ನು ಅಸಿಟೋನೈಟ್ರೈಲ್ ದ್ರಾವಕದೊಡನೆ ಕುಲುಕಿ, ಮೆಗ್ನೀಸಿಯಂ ಸಲ್ಫೇಟ್ ಮತ್ತು ಉಪ್ಪು ಬೆರೆಸಿದರೆ, ನೀರು ಬೇರ್ಪಟ್ಟು ಬಹುಪಾಲು ಕೀಟನಾಶಕಗಳು ದ್ರಾವಕದ ಪದರದಲ್ಲಿ ಉಳಿಯುತ್ತವೆ. ಸೊಪ್ಪಿನ ಹಸಿರು ಬಣ್ಣವನ್ನು ಇಂಗಾಲದ ಪುಡಿಯಿಂದ ತೆಗೆಯಬಹುದಾದರೂ, ಆ ಪುಡಿ ಥಯಾಬೆಂಡಜೋಲ್‌ನಂತಹ ಶಿಲೀಂಧ್ರನಾಶಕವನ್ನೂ ಹೀರಿಕೊಳ್ಳುವುದರಿಂದ ಅದನ್ನು ಅಳತೆಯರಿತು ಬಳಸಬೇಕು. ಅನಂತರ ಮಿಶ್ರಣವನ್ನು ಬಿಡಿಬಿಡಿಯಾಗಿಸುವ ಗ್ಯಾಸ್ ಅಥವಾ ಲಿಕ್ವಿಡ್ ಕ್ರೊಮ್ಯಾಟೋಗ್ರಫಿಯಲ್ಲಿ ಬೇರ್ಪಡುವ ಒಂದೊಂದು ರಾಸಾಯನಿಕವನ್ನೂ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣ ಅದರ ಅಯಾನು (ವಿದ್ಯುದಾವೇಶವಿರುವ) ತುಣುಕುಗಳ ಆಧಾರದಿಂದ ಗುರುತಿಸುತ್ತದೆ.

ಒಂದೇ ಸಲಕ್ಕೆ ನೂರಾರು ಕೀಟನಾಶಕಗಳನ್ನು ಹುಡುಕುವ ಈ ವಿಧಾನಕ್ಕೂ ಸಿಕ್ಕದವು ಇವೆ. ಕಳೆನಾಶಕ ಗ್ಲೈಫೊಸೇಟ್ ನೀರನ್ನು ಬಿಟ್ಟು ದ್ರಾವಕಕ್ಕೆ ಬರುವುದೇ ಇಲ್ಲ. ಅದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು. ಮ್ಯಾಂಕೋಜೆಬ್ ಗುಂಪಿನ ಶಿಲೀಂಧ್ರನಾಶಕಗಳನ್ನು ಸಾಮಾನ್ಯವಾಗಿ ಆಮ್ಲದಲ್ಲಿ ಒಡೆದು, ಹೊಮ್ಮುವ ಕಾರ್ಬನ್ ಡೈಸಲ್ಫೈಡ್ ಅನ್ನು ಅಳೆಯುತ್ತಾರೆ. ಇದರಿಂದ ಸಿಂಪಡಿಸಿದ್ದು ಆ ಗುಂಪಿನ ಯಾವುದೆಂದು ತಿಳಿಯುವುದಿಲ್ಲ. ಮೇಲಾಗಿ ಎಲೆಕೋಸು, ಹೂಕೋಸುಗಳ ಸಹಜ ಗಂಧಕ ಸಂಯುಕ್ತಗಳಿಂದಲೂ ಅದೇ ಅನಿಲ ಹೊಮ್ಮುವುದರಿಂದ, ಏನೂ ಸಿಂಪಡಿಸದ ಕೋಸಿನಲ್ಲಿಯೂ ಶೇಷವಿರುವಂತೆ ಕಾಣಬಹುದು.

ಶೇಷ ಪತ್ತೆಗೆ ಬಳಸುವ, ಬಣ್ಣ ಬದಲಾಗುವ ಅಗ್ಗದ ಕಾರ್ಡುಗಳ ವ್ಯಾಪ್ತಿ ಇನ್ನೂ ಕಿರಿದು. ಅವುಗಳಲ್ಲಿ ಹಲವು ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೆಲಸಕ್ಕೆ ತಡೆಯುಂಟಾಗಿದೆಯೇ ಎಂಬುದನ್ನಷ್ಟೇ ತೋರಿಸುತ್ತವೆ. ಈ ಕಿಣ್ವವನ್ನು ತಡೆಯುವ ಕೀಟನಾಶಕ ಗುಂಪುಗಳಾದ ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್‌ಗಳ ಪ್ರಾಥಮಿಕ ತಪಾಸಣೆಗೆ ಇವು ಉಪಯುಕ್ತವೇ ಸರಿ. ಆದರೆ ಆ ಕಿಣ್ವವನ್ನು ತಡೆಯದ ಪೈರೆಥ್ರಾಯ್ಡ್ ಅಥವಾ ಇಮಿಡಾಕ್ಲೋಪ್ರಿಡ್ ಕೀಟನಾಶಕಗಳು ಈ ಕಾರ್ಡುಗಳ ಕಣ್ಣಿಗೆ ಬೀಳುವುದಿಲ್ಲ.

ಮಾದರಿ ಕಳುಹಿಸುವವರು ಅದನ್ನು ತೊಳೆಯಬಾರದು, ಸಿಪ್ಪೆ ಸುಲಿಯಲೂಬಾರದು. ಶೇಷ ಎಷ್ಟರವರೆಗೆ ಇರಬಹುದೆಂಬ ಕಾನೂನಿನ ಮಿತಿಗಳು ಸಾಮಾನ್ಯವಾಗಿ ಮಾರಾಟಕ್ಕೆ ಬಂದ ರೂಪದ ಪದಾರ್ಥಕ್ಕೆ ಅನ್ವಯಿಸುತ್ತವೆ; ಕಿತ್ತಳೆಯನ್ನು ಸಿಪ್ಪೆಸಮೇತವೇ ಅರೆಯುತ್ತಾರೆ. ತಿನ್ನುವ ತೊಳೆಯಲ್ಲಿ ಎಷ್ಟಿದೆ ಎಂದು ತಿಳಿಯಬೇಕಿದ್ದರೆ, ಅದನ್ನು ಬೇರೆಯಾಗಿ ಪರೀಕ್ಷಿಸುವಂತೆ ಮೊದಲೇ ಕೇಳಬೇಕಾಗುತ್ತದೆ.