ಎಂಟು ಹಲಗೆಯ ಕಂಬಕ್ಕೆ ನಾಲ್ಕು ಬ್ಯಾಂಡ್ ಕ್ಲ್ಯಾಂಪ್

ಎಂಟು ಹಲಗೆಗಳನ್ನು ಓರೆ ಅಂಚಿನಲ್ಲಿ ಕೂಡಿಸಿ ಮಾಡುವ ಟೊಳ್ಳು ಕಂಬಕ್ಕೆ ಬ್ಯಾಂಡ್ ಕ್ಲ್ಯಾಂಪ್ (ಅಂಟು ಒಣಗುವ ತನಕ ಸುತ್ತಲೂ ಪಟ್ಟಿ ಬಿಗಿದು ಹಿಡಿಯುವ ಉಪಕರಣ) ಬೇಕೆಂದು ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹಾಕಿದಾಗ, ಪಟ್ಟಿ ಅಗಲವಾಗಿರಲಿ, ಬಿಗಿಸಲು ತಿರುಪಿನ ಹಿಡಿ ಇರಲಿ ಎಂದು ಸ್ಪಷ್ಟವಾಗಿಯೇ ಬರೆದಿದ್ದೆ. ಪರ್ಚೇಸ್ ವಿಭಾಗದವರು ತರಿಸಿದ್ದು 25 ಮಿ.ಮೀ. ಅಗಲದ ನೈಲಾನ್ ಪಟ್ಟಿಯ, ಹಲ್ಲುಚಕ್ರದಿಂದ ಬಿಗಿಸುವ ರ‍್ಯಾಚೆಟ್ ಸೆಟ್. ಜೊತೆಗೆ ಫೋಟೋ ಚೌಕಟ್ಟಿಗೆ ಹೊಂದುವ 90 ಡಿಗ್ರಿಯ ಪ್ಲಾಸ್ಟಿಕ್ ಮೂಲೆಗಳು ಬಂದಿದ್ದವು. ಎಂಟು ಮೂಲೆಯ ಕೆಲಸಕ್ಕೆ ಅವುಗಳಿಂದ ಮೂರು ಕಾಸಿನ ಉಪಯೋಗವಿಲ್ಲ. ಕೇಳಿದರೆ, ಹೆಸರು ಅದೇ ಅಲ್ಲವೇ, ದರ ಕಡಿಮೆ ಇತ್ತು ಎಂಬ ಉತ್ತರ. ತಿರುಪಿನದ್ದು ಎಳೆತವನ್ನು ಕಾಲು ಸುತ್ತು, ಅರ್ಧ ಸುತ್ತು ಎಂದು ಏರಿಸುತ್ತದೆ, ಹಾಗೆಯೇ ನಿಧಾನವಾಗಿ ಇಳಿಸುತ್ತದೆ. ರ‍್ಯಾಚೆಟ್ ಹಲ್ಲು ಹಲ್ಲಾಗಿ ಏರುತ್ತದೆ, ಬಿಡುವಾಗ ಮಾತ್ರ ಒಂದೇ ಏಟಿಗೆ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಈ ವ್ಯತ್ಯಾಸ ಕೊಟೇಶನ್ ಹಾಳೆಯಲ್ಲಿ ಕಾಣುವುದಿಲ್ಲ.

ಕೆಲಸ ಬೆಂಗಳೂರಿನ ಒಂದು ಮನೆಯ ಊಟದ ಮೇಜಿನ ನಡುಗಂಬದ್ದು. ತೇಗದ ಹಲಗೆ, ದಪ್ಪ 25 ಮಿ.ಮೀ., ಕಂಬದ ಎತ್ತರ 700, ಎದುರು ಬದುರು ಮುಖಗಳ ನಡುವೆ 200. ಪ್ರತಿ ಅಂಚು 22.5 ಡಿಗ್ರಿ ಓರೆ ಇರಬೇಕು. ಒಂದೊಂದು ಅಂಚಿನಲ್ಲಿ ಕಾಲು ಡಿಗ್ರಿ ತಪ್ಪಿದರೂ ಹದಿನಾರು ಅಂಚುಗಳ ತಪ್ಪು ಕೂಡಿ 4 ಡಿಗ್ರಿಯಾಗಿ, ಕೊನೆಯ ಕೂಡಿನಲ್ಲಿ ಸುಮಾರು 2 ಮಿ.ಮೀ. ಸಂದು ಬಾಯಿ ತೆರೆಯುತ್ತದೆ. ಆದ್ದರಿಂದ ಹಲಗೆ ಕೊಯ್ಯುವ ಪ್ಯಾನಲ್ ಸಾ ಯಂತ್ರದ ಸೆಟ್ಟಿಂಗಿಗೇ ಅರ್ಧ ದಿನ ಕೊಟ್ಟಿದ್ದೆ. ಅಂಟಿಲ್ಲದೆ ಜೋಡಿಸಿ ನೋಡುವ ಡ್ರೈ ರನ್ನಿನಲ್ಲಿ ಕೂಡುಗಳು ಕೂದಲೂ ತೂರದಂತೆ ಕೂತವು. ಕಂಬ ಬೆಂಚಿನ ಮೇಲೆ ಮಲಗಿತ್ತು, ನಾಲ್ಕೂ ರ‍್ಯಾಚೆಟ್‌ಗಳು ಕೈಗೆ ಸುಲಭವಾಗಲೆಂದು ನನ್ನ ಕಡೆಗೇ ಸಾಲಾಗಿದ್ದವು, ನಾನು ನೋಡಿದ್ದೂ ನನ್ನ ಕಡೆಯ ಕೂಡುಗಳನ್ನೇ.

ಅಂಟು ಹಚ್ಚಿದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ, ಡಿಸ್ಪ್ಯಾಚ್‌ನವರು ಎರಡು ಸಲ ಬಂದು ಇಣುಕಿ ಹೋದ ಮೇಲೆ. ನಾವು ಫೆವಿಕಾಲ್ ಎಂದೇ ಕರೆಯುವ ಬಿಳಿ ಪಿವಿಎ ಅಂಟು ತಂಪು ಹೊತ್ತಿನಲ್ಲಿ ಹತ್ತು ನಿಮಿಷ ಕಾಯುತ್ತದೆ. ತಗಡಿನ ಮಾಡಿನ ಕೆಳಗೆ, ಬೇಸಿಗೆಯಲ್ಲಿ, ಅದರ ಅರ್ಧ ಸಿಕ್ಕಿದರೆ ಪುಣ್ಯ. ಹದಿನಾರು ಅಂಚಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಮೊದಲ ಅಂಚಿನ ಹೊಳಪು ಹೋಗಿತ್ತು. ಪಟ್ಟಿಗಳನ್ನು ಬಿಗಿದೆವು. ನನ್ನ ಕಡೆ ಅಂಟು ಮಣಿಮಣಿಯಾಗಿ ಉಕ್ಕಿತು. ಹೆಲ್ಪರ್ ಹುಡುಗ ಆಚೆ ಕಡೆಯಿಂದ ಬಗ್ಗಿ ನೋಡಿ, ಇಲ್ಲಿ ಸಂದು ಕಾಣುತ್ತಿದೆ ಎಂದ.

ಸಂದು ಇದ್ದರೆ ಬಿಗಿ ಸಾಲದು ಎಂದೇ ನನ್ನ ಲೆಕ್ಕ. ಇನ್ನೆರಡು ಹಲ್ಲು ಹಾಕಿದೆ. ಸಂದು ಕದಲಲಿಲ್ಲ. ಇನ್ನೂ ಎರಡು. ಈಗ ನನ್ನ ಕಡೆಯ ಪಟ್ಟಿ ತೇಗದ ಮೂಲೆಯೊಳಗೆ ಇಳಿದು ನಾರನ್ನು ಜಜ್ಜತೊಡಗಿತು. ಅಂಟು ಹಚ್ಚಿದ ಅಂಚುಗಳು ಒಂದರ ಮೇಲೊಂದು ಜಾರಿ, ಎರಡು ಹಲಗೆಗಳು ಒಂದು ಕೊನೆಯಲ್ಲಿ ಪಕ್ಕದವಕ್ಕಿಂತ ಮೆಟ್ಟಿಲಿನಂತೆ ಒಳಗೆ ಸರಿದವು. ಸ್ವಲ್ಪ ಸಡಿಲಿಸಿ ಸರಿಪಡಿಸೋಣವೆಂದರೆ ರ‍್ಯಾಚೆಟ್‌ಗೆ ಸ್ವಲ್ಪ ಎಂಬುದೇ ಗೊತ್ತಿಲ್ಲ. ಮೂರನೆಯದರ ಸುರುಳಿಯಲ್ಲಿ ಪಟ್ಟಿ ಹೆಚ್ಚು ಸುತ್ತಿಕೊಂಡು ಅಡ್ಡ ಸಿಕ್ಕಿಹಾಕಿಕೊಂಡಿದ್ದರಿಂದ ಅದನ್ನು ಚಾಕುವಿನಿಂದ ಕೊಯ್ಯಬೇಕಾಯಿತು. ಅಷ್ಟು ಹೊತ್ತಿಗೆ ಅಂಟಿನ ಮೇಲೆ ಕೆನೆ ಕಟ್ಟಿತ್ತು. ಕಂಬವನ್ನು ಪೂರ್ತಿ ಬಿಚ್ಚಿ, ಎಂಟೂ ಹಲಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಕೂತೆವು.

ಸಂದು ಉಳಿಯಲು ಕಾರಣ ಬಿಗಿ ಸಾಲದ್ದಲ್ಲ, ಘರ್ಷಣೆ. ಪಟ್ಟಿ ಪ್ರತಿ ಮೂಲೆಯಲ್ಲಿ ತಿರುಗುವಾಗ ಎಳೆತದ ಒಂದು ಪಾಲನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಘರ್ಷಣೆಯ ಗುಣಾಂಕ 0.3 ಎಂದು ಹಿಡಿದರೆ, ಅರ್ಧ ಸುತ್ತು ಹಾಕಿ ಎದುರು ಬದಿಗೆ ಮುಟ್ಟುವ ಹೊತ್ತಿಗೆ ಉಳಿಯುವುದು ರ‍್ಯಾಚೆಟ್ ಬಳಿಯ ಎಳೆತದ ಶೇ. 40ರಷ್ಟು ಮಾತ್ರ. ನಾಲ್ಕೂ ರ‍್ಯಾಚೆಟ್ ಒಂದೇ ಬದಿಗೆ ಇದ್ದುದರಿಂದ ನಾಲ್ಕೂ ಪಟ್ಟಿಗಳು ಒಂದೇ ಕಡೆ ಬಲವಾಗಿ, ಒಂದೇ ಕಡೆ ದುರ್ಬಲವಾಗಿ ಹಿಡಿದಿದ್ದವು. ಇನ್ನೊಂದು ಲೆಕ್ಕವನ್ನು ಆಮೇಲೆ ಹಾಕಿ ನೋಡಿದೆ. ಒಂದು ಕೂಡಿನ ವಿಸ್ತೀರ್ಣ ಸುಮಾರು 190 ಚದರ ಸೆಂ.ಮೀ.; ಪಟ್ಟಿಯೊಂದಕ್ಕೆ 150 ಕೆ.ಜಿ. ಎಳೆತ ಎಂದು ಉದಾರವಾಗಿ ಕೊಟ್ಟರೂ, ನಾಲ್ಕು ಪಟ್ಟಿ ಸೇರಿ ಚದರ ಸೆಂ.ಮೀ.ಗೆ ಮೂರು ಕೆ.ಜಿ. ಚಿಲ್ಲರೆ ಆಗುತ್ತದೆ. ಇಂಥ ಮರಕ್ಕೆ ಸಾಮಾನ್ಯವಾಗಿ ಹೇಳುವ ಒತ್ತಡ 10 ಕೆ.ಜಿ. ಆಸುಪಾಸಿನದು. ಅಂದರೆ ಬ್ಯಾಂಡ್ ಕ್ಲ್ಯಾಂಪ್ ಹಲಗೆಗಳನ್ನು ಒಟ್ಟುಗೂಡಿಸಿ ಹಿಡಿಯುವ ಉಪಕರಣವೇ ಹೊರತು, ಸರಿಯಿಲ್ಲದ ಕೂಡನ್ನು ಬಲವಂತವಾಗಿ ಮುಚ್ಚಿಸುವಂಥದ್ದಲ್ಲ.

ಮರುದಿನ ನಮ್ಮ ಹಿರಿಯ ಮೇಸ್ತ್ರಿ ಹಳೆಯ ಸೈಕಲ್ ಟ್ಯೂಬ್ ಸೀಳಿಕೊಂಡು ಬಂದರು. ನಾನು ಮೊದಲು ಅದನ್ನು ಹಳ್ಳಿ ಕೆಲಸ ಎಂದುಕೊಂಡಿದ್ದೆ. ಆದರೆ ಟ್ಯೂಬನ್ನು ಒಂದೇ ಕಡೆ ನಿಂತು ಎಳೆಯುವುದಿಲ್ಲ. ಪ್ರತಿ ಗೇಣನ್ನೂ ಕೈಯಲ್ಲಿ ಹಿಗ್ಗಿಸಿ ಹಿಗ್ಗಿಸಿ ಸುತ್ತುವುದರಿಂದ ಎಳೆತ ಸುತ್ತಲೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತದೆ. ಅಂಚುಗಳನ್ನು ತೋಪಡದಿಂದ (ಉಜ್ಜುಗೊರಡಿನಿಂದ) ಅರ್ಧ ಅರ್ಧ ಮಿ.ಮೀ. ಕೆರೆದು ಹಳೆಯ ಅಂಟನ್ನು ತೆಗೆದು, ಥಿನ್ನರ್ ಒರೆಸಿ ತೇಗದ ಎಣ್ಣೆಯನ್ನು ಕಳೆದು, ಟ್ಯೂಬಿನಲ್ಲೇ ಅಂಟಿಸಿದೆವು. ಕಂಬ ಚೆನ್ನಾಗಿ ಬಂತು. ಆದರೆ ಹಾಗೆ ಕೆರೆದದ್ದಕ್ಕೆ ಕಂಬದ ಅಗಲ ಸುಮಾರು ಎರಡೂವರೆ ಮಿ.ಮೀ. ಕುಗ್ಗಿ, ಮೊದಲೇ ಕೊರೆದಿಟ್ಟಿದ್ದ ಬುಡದ ಸುತ್ತ ಕೂರುವ ಮರದ ಕಾಲರ್ ಲೊಡಲೊಡ ಎನ್ನತೊಡಗಿತು. ಅದನ್ನು ಹೊಸದಾಗಿ ಮಾಡಬೇಕಾಯಿತು. ಆ ಮರದ ಖರ್ಚು ನನ್ನ ಕೆಲಸದ ಲೆಕ್ಕ ಬರೆಯುವ ಜಾಬ್ ಕಾರ್ಡಿನ ಮೇಲೆ ಬಿತ್ತು, ಕ್ಲ್ಯಾಂಪಿನಲ್ಲಿ ಉಳಿಸಿದ ಹಣದಿಂದ ಯಾರೂ ಕಳೆಯಲಿಲ್ಲ.

ಅದೇ ರ‍್ಯಾಚೆಟ್ ಸೆಟ್ ಇಂದಿಗೂ ಬಳಕೆಯಲ್ಲಿದೆ, ಬಳಸುವ ಕ್ರಮ ಮಾತ್ರ ಬೇರೆ. ರ‍್ಯಾಚೆಟ್‌ಗಳನ್ನು ಒಂದು ಈ ಬದಿ, ಮುಂದಿನದು ಎದುರು ಬದಿ ಎಂದು ಹಂಚಿ ಇಡುತ್ತೇವೆ. ಮೂಲೆಗಳಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಮೇಣ ಸವರುವುದರಿಂದ ಪಟ್ಟಿ ಜಾರುತ್ತದೆ, ಅಂಟೂ ಹಿಡಿಯುವುದಿಲ್ಲ. ಬಿಗಿಸುವಾಗ ಪಟ್ಟಿಯನ್ನು ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರೆ ಸಿಕ್ಕಿಕೊಂಡ ಎಳೆತ ಆಚೆ ಬದಿಗೂ ಹರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಂಟನ್ನೂ ಒಟ್ಟಿಗೆ ಅಂಟಿಸುವುದನ್ನು ಬಿಟ್ಟಿದ್ದೇವೆ. ಪೂರ್ತಿ ಕಂಬವನ್ನು ಜೋಡಿಸಿ ಬಿಗಿದರೂ ಎದುರು ಬದುರಿನ ಎರಡು ಕೂಡುಗಳಿಗೆ ಅಂಟು ಹಚ್ಚದೆ ಕಾಗದ ಇಡುತ್ತೇವೆ. ಒಣಗಿದ ಮೇಲೆ ಎರಡು ಅರೆಗಂಬಗಳು ಕೈಗೆ ಬರುತ್ತವೆ, ಕೋನದಲ್ಲಿ ಉಳಿದ ತಪ್ಪನ್ನು ಆ ಎರಡೇ ಕೂಡುಗಳಲ್ಲಿ ತೋಪಡ ಹೊಡೆದು ತಿದ್ದಿ ಆಮೇಲೆ ಸೇರಿಸುತ್ತೇವೆ. ಓರೆಯನ್ನು 22.5ಕ್ಕಿಂತ ಒಂದು ಚೂರು ಹೆಚ್ಚೇ ಇಡುವುದು ನನ್ನ ಅಭ್ಯಾಸ: ಸಂದು ಉಳಿದರೆ ಟೊಳ್ಳಿನ ಒಳಗಡೆ ಉಳಿಯಲಿ, ಹೊರಗೆ ಪಾಲಿಶ್‌ನವರ ಕಣ್ಣಿಗೆ ಬೀಳದಿರಲಿ. ಪಟ್ಟಿಯನ್ನು ಒಂದು ಗಂಟೆಗೆ ಮುಂಚೆ ಬಿಚ್ಚುವುದಿಲ್ಲ, 24 ಗಂಟೆ ಕಳೆಯದೆ ಸ್ಯಾಂಡಿಂಗಿಗೆ ಕೊಡುವುದಿಲ್ಲ, ಡಿಸ್ಪ್ಯಾಚ್‌ನವರು ಬಾಗಿಲಲ್ಲಿ ನಿಂತು ಎಷ್ಟೇ ಗೊಣಗಲಿ.